ಮೂರು ಲಕ್ಷ ಸಲ ನೆನೆದ ನೀಲಿ, ಹೆಸರಾಗಿ ಉಳಿದ ನಕ್ಷೆ

ಜಗತ್ತಿನಲ್ಲೇ ಅತಿ ಹೆಚ್ಚು ಉಲ್ಲೇಖಗೊಂಡ ಪ್ರಬಂಧ ಬರೆದವರು ಅದನ್ನು ದೊಡ್ಡ ಕೆಲಸವೆಂದು ಎಣಿಸಿರಲಿಲ್ಲ. ಪ್ರತಿಯೊಂದು ಪ್ರೋಟೀನ್ ರಚನೆಯೂ ಎದುರಿಸಬೇಕಾದ ಪರೀಕ್ಷೆಯನ್ನು ಕೊಟ್ಟ ಭಾರತೀಯ ವಿಜ್ಞಾನಿಯ ಹೆಸರು ಎಲ್ಲ ಲ್ಯಾಬ್‌ಗಳಲ್ಲೂ ಇದೆ, ಉಲ್ಲೇಖದ ಲೆಕ್ಕದಲ್ಲಿ ಮಾತ್ರ ಅದಕ್ಕೆ ತಕ್ಕ ಜಾಗವಿಲ್ಲ. ಸಂಶೋಧಕರ ಬೆಲೆಯನ್ನು ಅಂಕಿಗಳಲ್ಲಿ ಕಟ್ಟುವ ಕಾಲದಲ್ಲಿ ಎರಡು ಪ್ರಬಂಧಗಳ ಕತೆ

ಮಧ್ಯಾಹ್ನ ಎರಡೂವರೆ. ಕಾಲೇಜಿನ ಬಯೊಕೆಮಿಸ್ಟ್ರಿ ಲ್ಯಾಬಿನಲ್ಲಿ ಮರದ ಸ್ಟ್ಯಾಂಡಿಗೆ ಏಳು ಟೆಸ್ಟ್ ಟ್ಯೂಬ್‌ಗಳನ್ನು ಸಾಲಾಗಿ ಇಳಿಸಿದ್ದಾರೆ. ಮೊದಲನೆಯದರಲ್ಲಿ ಬರೀ ನೀರು, ಅದು ಬ್ಲ್ಯಾಂಕ್. ಮುಂದಿನ ಐದರಲ್ಲಿ ಹಸುವಿನ ರಕ್ತದಿಂದ ತೆಗೆದ ಆಲ್ಬುಮಿನ್ ಎಂಬ ಪ್ರೋಟೀನು, ಒಂದಕ್ಕಿಂತ ಒಂದರಲ್ಲಿ ಸ್ವಲ್ಪ ಹೆಚ್ಚು. ಕೊನೆಯದು ಮೇಷ್ಟ್ರು ಕೊಟ್ಟ ‘ಅನ್‌ನೋನ್’. ಅದರಲ್ಲಿ ಎಷ್ಟು ಪ್ರೋಟೀನ್ ಇದೆಯೆಂದು ಹೇಳಿದರೆ ಇವತ್ತಿನ ಪ್ರಾಕ್ಟಿಕಲ್ ಮುಗಿಯಿತು.

ವಿದ್ಯಾರ್ಥಿನಿ ಪಿಪೆಟ್ ಹಿಡಿದು ಕ್ಷಾರೀಯ ತಾಮ್ರದ ದ್ರಾವಣ ಬಿಡುತ್ತಾಳೆ. ಹತ್ತು ನಿಮಿಷ ಕಾಯಬೇಕು. ಆಮೇಲೆ ಫೋಲಿನ್ ರೀಏಜೆಂಟ್ ಎಂಬ ಹಳದಿ ದ್ರಾವಣ ಅರ್ಧ ಮಿಲಿಲೀಟರ್. ಹಾಕಿದ ಕೂಡಲೇ ಅಲುಗಿಸಬೇಕು, ತಡವಾದರೆ ಕೆಲಸ ಕೆಟ್ಟಿತು. ಮತ್ತೆ ಅರ್ಧ ಗಂಟೆ. ನೋಡನೋಡುತ್ತಿದ್ದಂತೆ ಟ್ಯೂಬ್‌ಗಳಲ್ಲಿ ನೀಲಿ ಏರತೊಡಗುತ್ತದೆ: ಪ್ರೋಟೀನ್ ಕಡಿಮೆಯಿದ್ದ ಕಡೆ ತಿಳಿ ಆಕಾಶದ ಬಣ್ಣ, ಹೆಚ್ಚಿದ್ದ ಕಡೆ ಶಾಯಿಯಂತಹ ಗಾಢ ನೀಲಿ. ಕಲರಿಮೀಟರಿನಲ್ಲಿ ಒಂದೊಂದನ್ನೇ ಇಟ್ಟು ಅಂಕಿ ಬರೆದುಕೊಂಡು, ಗ್ರಾಫ್ ಹಾಳೆಯ ಮೇಲೆ ಗೆರೆ ಎಳೆದರೆ ‘ಅನ್‌ನೋನ್’ನ ಗುಟ್ಟು ಬಯಲಾಗುತ್ತದೆ.

ರೆಕಾರ್ಡ್ ಪುಸ್ತಕದಲ್ಲಿ ಆಕೆ ಬರೆಯುವ ಶೀರ್ಷಿಕೆ: ‘ಲೌರಿ ವಿಧಾನದಿಂದ ಪ್ರೋಟೀನ್ ಅಳತೆ’.

ಲೌರಿ ಎಂದರೆ ಆಲಿವರ್ ಲೌರಿ. ಅಮೆರಿಕದ ಸೇಂಟ್ ಲೂಯಿಸ್ ನಗರದ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಔಷಧಶಾಸ್ತ್ರ ವಿಭಾಗದ ಮುಖ್ಯಸ್ಥರಾಗಿದ್ದವರು. ನೀರಾ ರೋಸ್‌ಬರೊ, ಲೂಯಿಸ್ ಫಾರ್, ರೋಸ್ ರ‍್ಯಾಂಡಲ್ ಜೊತೆ ಅವರು ಬರೆದ ಹನ್ನೊಂದು ಪುಟದ ಪ್ರಬಂಧ 1951ರಲ್ಲಿ ‘ಜರ್ನಲ್ ಆಫ್ ಬಯೊಲಾಜಿಕಲ್ ಕೆಮಿಸ್ಟ್ರಿ’ಯಲ್ಲಿ ಅಚ್ಚಾಯಿತು. 2014ರಲ್ಲಿ ‘ನೇಚರ್’ ಪತ್ರಿಕೆ ವಿಜ್ಞಾನದ ಇತಿಹಾಸದಲ್ಲೇ ಅತಿ ಹೆಚ್ಚು ಉಲ್ಲೇಖಗೊಂಡ ನೂರು ಪ್ರಬಂಧಗಳನ್ನು ಲೆಕ್ಕಹಾಕಿದಾಗ ಮೊದಲ ಸ್ಥಾನದಲ್ಲಿ ನಿಂತದ್ದು ಇದೇ. ಬೇರೆ ಸಂಶೋಧಕರು ತಮ್ಮ ಪ್ರಬಂಧಗಳ ಕೊನೆಯಲ್ಲಿ ಇದನ್ನು ಹೆಸರಿಸಿದ್ದು ಆ ಹೊತ್ತಿಗೆ 3,05,148 ಸಲ. ಅರವತ್ತಮೂರು ವರ್ಷಗಳಿಗೆ ಹಂಚಿದರೆ ದಿನಕ್ಕೆ ಹದಿಮೂರರಂತೆ, ಭಾನುವಾರವೂ ಸೇರಿ.

ಡಿಎನ್‌ಎಯ ಜೋಡಿ ಸುರುಳಿಯನ್ನು ಜಗತ್ತಿಗೆ ತೋರಿಸಿದ ವಾಟ್ಸನ್ ಮತ್ತು ಕ್ರಿಕ್ ಅವರ 1953ರ ಪ್ರಬಂಧ ಆ ನೂರರ ಪಟ್ಟಿಯೊಳಗೇ ಇಲ್ಲ.

ಪಟ್ಟಿಗಳ ಋತು

ಪ್ರತಿ ವರ್ಷ ಮಳೆಗಾಲ ಹಿಂದೆ ಸರಿಯುವ ಹೊತ್ತಿಗೆ ಪತ್ರಿಕೆಗಳ ಜಿಲ್ಲಾ ಪುಟಗಳಲ್ಲಿ ಒಂದು ಸುದ್ದಿ ತಪ್ಪದೆ ಬರುತ್ತದೆ. ‘ವಿಶ್ವದ ಶೇ 2 ಶ್ರೇಷ್ಠ ವಿಜ್ಞಾನಿಗಳ ಪಟ್ಟಿಯಲ್ಲಿ ನಮ್ಮ ವಿಶ್ವವಿದ್ಯಾಲಯದ ಪ್ರಾಧ್ಯಾಪಕರು’. ಜೊತೆಗೆ ಫೋಟೊ, ಕುಲಪತಿಗಳ ಅಭಿನಂದನೆ. ಅದರ ಬೆನ್ನಿಗೇ ಅಕ್ಟೋಬರ್ ಮೊದಲ ಸೋಮವಾರ ಬಂತೆಂದರೆ ನೊಬೆಲ್ ಸರಣಿ ಶುರು. ಹೀಗಾಗಿ ವಿಜ್ಞಾನಿಗಳಲ್ಲಿ ಯಾರು ದೊಡ್ಡವರು ಎಂಬ ಮಾತು ಮನೆಮನೆಗೂ ತಲುಪುವ ತಿಂಗಳಿದು.

ಆ ಶೇ 2ರ ಪಟ್ಟಿಯನ್ನು ಸಿದ್ಧಪಡಿಸುವುದು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜಾನ್ ಅಯೊನಿಡಿಸ್ ಮತ್ತು ಅವರ ಸಂಗಡಿಗರು. ಅವರು ಅದನ್ನು ಮೊದಲು ವಿವರಿಸಿದ್ದು 2019ರಲ್ಲಿ. ಎಲ್ಸೆವಿಯರ್ ಪ್ರಕಾಶನದ ಸ್ಕೋಪಸ್ ದತ್ತಾಂಶ ಅದಕ್ಕೆ ಆಧಾರ. 174 ಉಪವಿಭಾಗಗಳಲ್ಲಿ ಸಂಶೋಧಕರನ್ನು ವಿಂಗಡಿಸಿ, ಉಲ್ಲೇಖಗಳಿಗೆ ಸಂಬಂಧಿಸಿದ ಆರು ಅಳತೆಗಳನ್ನು ಸೇರಿಸಿ ಒಂದು ಅಂಕ ಕೊಡುತ್ತಾರೆ. ಇಡೀ ವೃತ್ತಿಜೀವನಕ್ಕೆ ಒಂದು ಪಟ್ಟಿ, ಒಂದೇ ವರ್ಷದ ಪ್ರಭಾವಕ್ಕೆ ಇನ್ನೊಂದು. ನಮ್ಮ ಸುದ್ದಿಗಳಲ್ಲಿ ಈ ಎರಡನ್ನು ಬಿಡಿಸಿ ಹೇಳುವುದು ತೀರ ಕಡಿಮೆ. ತಮ್ಮ ಪ್ರಬಂಧವನ್ನು ತಾವೇ ಎಷ್ಟು ಸಲ ಉಲ್ಲೇಖಿಸಿಕೊಂಡಿದ್ದಾರೆ ಎಂಬುದೂ ಆ ದತ್ತಾಂಶದಲ್ಲೇ ಇರುತ್ತದೆ. ಅಭಿನಂದನೆಯ ಜೊತೆಗೆ ಆ ಕಾಲಮ್ಮನ್ನೂ ಓದುವ ಅಭ್ಯಾಸ ಬೆಳೆದರೆ ಒಳ್ಳೆಯದು.

ಪಟ್ಟಿಯಲ್ಲಿರುವವರ ಶ್ರಮ ಸುಳ್ಳಲ್ಲ. ಸಣ್ಣ ಊರಿನ ವಿಶ್ವವಿದ್ಯಾಲಯದಲ್ಲಿ, ಹಳೆಯ ಉಪಕರಣಗಳ ನಡುವೆ ಕೆಲಸ ಮಾಡಿ ಈ ಸಾಲಿಗೆ ಬಂದವರ ಬಗ್ಗೆ ಊರು ಹೆಮ್ಮೆಪಡುವುದು ಸಹಜ, ಪಡಲೇಬೇಕು. ಆದರೆ ಆ ಅಂಕಿ ಏನನ್ನು ಅಳೆಯುತ್ತದೆ, ಏನನ್ನು ಅಳೆಯಲಾರದು ಎಂಬುದು ಗೊತ್ತಿದ್ದರೆ ಹೆಮ್ಮೆಗೂ ತೂಕ ಬರುತ್ತದೆ.

> ಬಾಕ್ಸ್: ವಕೀಲರ ಪುಸ್ತಕದಿಂದ ಬಂದ ಉಪಾಯ
>
> ಯಾರು ಯಾರನ್ನು ಉಲ್ಲೇಖಿಸಿದರು ಎಂಬ ಸೂಚಿಯನ್ನು ವಿಜ್ಞಾನಕ್ಕೆ ತಂದವರು ಅಮೆರಿಕದ ಯೂಜೀನ್ ಗಾರ್ಫೀಲ್ಡ್ (1925–2017). ಒಂದು ತೀರ್ಪನ್ನು ಮುಂದಿನ ಯಾವ ಯಾವ ತೀರ್ಪುಗಳು ಎತ್ತಿಹಿಡಿದಿವೆ ಅಥವಾ ತಳ್ಳಿಹಾಕಿವೆ ಎಂದು ತೋರಿಸುವ ‘ಶೆಪರ್ಡ್ಸ್’ ಸೂಚಿ ಅಮೆರಿಕದ ವಕೀಲರ ಬಳಿ 19ನೇ ಶತಮಾನದಿಂದಲೇ ಇತ್ತು. ಅದೇ ಮಾದರಿ ವಿಜ್ಞಾನಕ್ಕೂ ಬೇಕೆಂದು ಗಾರ್ಫೀಲ್ಡ್ 1955ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ವಾದಿಸಿದರು.
>
> ಅವರ ಬೆನ್ನಿಗೆ ನಿಂತವರಲ್ಲಿ ಮುಖ್ಯರು ಬ್ಯಾಕ್ಟೀರಿಯಾಗಳ ತಳಿವಿಜ್ಞಾನಕ್ಕೆ 1958ರ ನೊಬೆಲ್ ಪಡೆದ ಜೋಶುವಾ ಲೆಡರ್‌ಬರ್ಗ್. ಮೊದಲ ಪ್ರಯೋಗ ನಡೆದದ್ದೂ ತಳಿವಿಜ್ಞಾನದ ಮೇಲೆಯೇ: ‘ಜೆನೆಟಿಕ್ಸ್ ಸೈಟೇಶನ್ ಇಂಡೆಕ್ಸ್’. 1964ರಿಂದ ‘ಸೈನ್ಸ್ ಸೈಟೇಶನ್ ಇಂಡೆಕ್ಸ್’ ನಿಯಮಿತವಾಗಿ ಬರತೊಡಗಿತು. ಗಾರ್ಫೀಲ್ಡ್ ಅವರ ಮೂಲ ಉದ್ದೇಶ ಬೇಕಾದ ಪ್ರಬಂಧವನ್ನು ಹುಡುಕಿಕೊಡುವುದು. ವಿಜ್ಞಾನಿಗಳಿಗೆ ಅಂಕ ಹಾಕುವ ರೂಢಿ ಆಮೇಲೆ ಬೆಳೆಯಿತು.

ಅಡುಗೆಮನೆಯ ಪಾತ್ರೆಯಂಥ ಪ್ರಬಂಧಗಳು

‘ನೇಚರ್’ ಪಟ್ಟಿಯ ಮೊದಲ ಮೂರೂ ಸ್ಥಾನ ಪ್ರೋಟೀನ್ ಲ್ಯಾಬಿನ ಕೈಕೆಲಸಕ್ಕೆ ಸೇರಿದ್ದು. ಎರಡನೆಯದು ಉಲ್ರಿಚ್ ಲೆಮ್ಲಿ ಅವರ 1970ರ ಪ್ರಬಂಧ. ಮೂರನೆಯದು ಮರಿಯನ್ ಬ್ರ್ಯಾಡ್‌ಫರ್ಡ್ 1976ರಲ್ಲಿ ತೋರಿಸಿದ, ಬಣ್ಣ ಬಳಸಿ ಪ್ರೋಟೀನ್ ಅಳೆಯುವ ಇನ್ನೊಂದು ದಾರಿ. 2014ರವರೆಗೆ ಒಂದು ಲಕ್ಷ ಉಲ್ಲೇಖ ದಾಟಿದ್ದವು ಈ ಮೂರೇ.

ಲೆಮ್ಲಿ ಅವರ ಕತೆ ಸ್ವಾರಸ್ಯದ್ದು. ಅವರು ಬರೆಯಹೊರಟದ್ದು ಟಿ4 ಎಂಬ ವೈರಸ್ಸಿನ ತಲೆ ಹೇಗೆ ಜೋಡಣೆಯಾಗುತ್ತದೆ ಎಂಬುದರ ಬಗ್ಗೆ. ಅದಕ್ಕಾಗಿ ಪ್ರೋಟೀನ್‌ಗಳನ್ನು ಜೆಲ್ ಮೇಲೆ ವಿದ್ಯುತ್ ಹಾಯಿಸಿ ಗಾತ್ರದ ಪ್ರಕಾರ ಬೇರ್ಪಡಿಸುವ ವಿಧಾನವನ್ನು ಅವರು ತಿದ್ದಿ ಹದಗೊಳಿಸಿದ್ದರು. ಆ ವಿಧಾನದ ವಿವರ ಇದ್ದದ್ದು ಒಂದು ಚಿತ್ರದ ಕೆಳಗಿನ ಸಣ್ಣ ಅಕ್ಷರದ ಟಿಪ್ಪಣಿಯಲ್ಲಿ. ವೈರಸ್ಸಿನ ತಲೆಯ ವಿಚಾರ ಓದಲೆಂದು ಆ ಪ್ರಬಂಧ ತೆರೆದವರು ಕೆಲವರು. ಆ ಸಣ್ಣ ಅಕ್ಷರಗಳ ಹಿಂದೆ ಹೋದವರ ಲೆಕ್ಕ 2014ಕ್ಕೆ ಎರಡು ಲಕ್ಷ ಮೀರಿತ್ತು. ಇವತ್ತು ಬೆಂಗಳೂರು, ಮೈಸೂರು, ಧಾರವಾಡದ ಯಾವ ಲ್ಯಾಬಿಗೆ ಹೋಗಿ ‘ಜೆಲ್ ಓಡಿಸ್ತಾ ಇದ್ದೀವಿ’ ಎನ್ನುವವರನ್ನು ಕಂಡರೂ, ಅದು ಪ್ರೋಟೀನ್ ಜೆಲ್ ಆಗಿದ್ದರೆ ಲೆಮ್ಲಿ ಅವರ ಬಫರ್ ದ್ರಾವಣ ಅಲ್ಲಿ ಇದ್ದೇ ಇರುತ್ತದೆ.

ಇವು ಅಡುಗೆಮನೆಯ ಪಾತ್ರೆಗಳಿದ್ದ ಹಾಗೆ. ಯಾವ ಅಡುಗೆಗಾದರೂ ಬೇಕು, ದಿನಾ ಬೇಕು. ಪ್ರತಿ ಸಲ ಬಳಸಿದಾಗಲೂ ‘ಇಂಥವರ ವಿಧಾನದಲ್ಲಿ ಅಳೆದೆವು’ ಎಂದು ಬರೆಯಲೇಬೇಕು. ಆದ್ದರಿಂದ ಲೆಕ್ಕ ಏರುತ್ತಲೇ ಹೋಗುತ್ತದೆ.

ಇದನ್ನು ಲೌರಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ. ಅದೇನೂ ಮಹಾ ಪ್ರಬಂಧವಲ್ಲವೆಂದು ತನಗೆ ಗೊತ್ತು, ಆದರೂ ಅದಕ್ಕೆ ಸಿಕ್ಕ ಸ್ವಾಗತ ಒಳಗೊಳಗೇ ಖುಷಿ ಕೊಡುತ್ತದೆ ಎಂಬರ್ಥದ ಮಾತನ್ನು ಅವರು ಬರೆದಿದ್ದಾರೆ. 1990ರಲ್ಲಿ ಬರೆದ ಆತ್ಮಕಥನದ ಲೇಖನಕ್ಕೆ ಅವರಿಟ್ಟ ಹೆಸರಿನ ಅರ್ಥ: ಪ್ರತಿಭಾವಂತನಲ್ಲದೆಯೂ ಸಂಶೋಧನೆಯಲ್ಲಿ ಗೆಲ್ಲುವುದು ಹೇಗೆ.

ಅವರ ಮನಸ್ಸಿದ್ದ ಕೆಲಸ ಬೇರೆ. ಮಿದುಳಿನ ಒಂದೇ ಒಂದು ನರಕೋಶವನ್ನು ಬಿಡಿಸಿ ತೆಗೆದು, ತೂಗಿ, ಅದರೊಳಗಿನ ಕಿಣ್ವಗಳನ್ನು ಅಳೆಯುವ ಛಲ ಅವರದು. ಅಂಥ ತಕ್ಕಡಿ ಎಲ್ಲಿ ಸಿಗಬೇಕು? ಕೂದಲಿಗಿಂತ ಎಷ್ಟೋ ತೆಳುವಾದ ಕ್ವಾರ್ಟ್ಜ್ ಎಳೆಯೊಂದರ ಒಂದು ತುದಿಯನ್ನು ಭದ್ರಪಡಿಸಿ, ಇನ್ನೊಂದು ತುದಿಗೆ ಒಣಗಿಸಿದ ಕೋಶವನ್ನಿಟ್ಟು, ಎಳೆ ಎಷ್ಟು ಬಾಗಿತು ಎಂಬುದನ್ನು ಸೂಕ್ಷ್ಮದರ್ಶಕದಲ್ಲಿ ನೋಡುವುದು. ಗಾಳದ ಕೋಲು ಮೀನಿನ ಭಾರಕ್ಕೆ ಬಾಗುವಂತೆ. ಅದಕ್ಕೇ ಅದರ ಹೆಸರೂ ‘ಫಿಶ್‌ಪೋಲ್ ಬ್ಯಾಲೆನ್ಸ್’. ಒಂದು ಗ್ರಾಮನ್ನು ನೂರು ಕೋಟಿ ಭಾಗ ಮಾಡಿದರೆ ಸಿಗುವ ನ್ಯಾನೊಗ್ರಾಮಿನ ಮಟ್ಟದ ತೂಕ ಅದು. ಉಸಿರು ಬಿಟ್ಟರೆ ಹಾರಿಹೋಗುವ ವಸ್ತುವನ್ನು ಕೈಯಲ್ಲಿ ಎತ್ತಿಟ್ಟು ತೂಗುವ ಆ ಹಸ್ತಕೌಶಲ ಬೆರಗು ಹುಟ್ಟಿಸುತ್ತದೆ. ಆ ಕೆಲಸಕ್ಕೆ ಮೂರು ಲಕ್ಷ ಉಲ್ಲೇಖ ಬರಲಿಲ್ಲ. ಅಂಥದ್ದನ್ನು ಮಾಡಬಲ್ಲ ಕೈಗಳೇ ಕಡಿಮೆಯಿದ್ದವು.

ಮೊಳಕೈ ಹಿಂದಕ್ಕೆ ಮಡಚುವುದಿಲ್ಲ

ಇನ್ನೊಂದು ಕತೆಯ ನಾಯಕ ಹುಟ್ಟಿದ್ದು 1922ರ ಅಕ್ಟೋಬರ್ 8ರಂದು, ಎರ್ನಾಕುಲಂನಲ್ಲಿ. ಹೆಸರು ಗೋಪಾಲಸಮುದ್ರಂ ನಾರಾಯಣ ರಾಮಚಂದ್ರನ್. ಜಿ.ಎನ್. ರಾಮಚಂದ್ರನ್ ಎಂದರೆ ಲೋಕಕ್ಕೆ ಪರಿಚಯ. ನೊಬೆಲ್ ಘೋಷಣೆಗಳ ಗದ್ದಲದ ದಿನಗಳಲ್ಲೇ ಸಾಮಾನ್ಯವಾಗಿ ಅವರ ಹುಟ್ಟುಹಬ್ಬ ಬಂದುಹೋಗುತ್ತದೆ.

1942ರಲ್ಲಿ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ, ನಮ್ಮ ಜನರ ಬಾಯಲ್ಲಿ ಟಾಟಾ ಇನ್‌ಸ್ಟಿಟ್ಯೂಟಿಗೆ, ಬಂದದ್ದು ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದಲು. ಸಿ.ವಿ. ರಾಮನ್ ಕಣ್ಣಿಗೆ ಬಿದ್ದು ಭೌತವಿಜ್ಞಾನಕ್ಕೆ ಹೊರಳಿದರು. ಮುಂದೆ ಕೇಂಬ್ರಿಜ್, ಬಳಿಕ 1952ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕ ಹುದ್ದೆ. ಆಗ ಅವರಿಗಿನ್ನೂ ಮೂವತ್ತರ ಆಸುಪಾಸು.

ಚರ್ಮ, ಮೂಳೆ, ಸ್ನಾಯುರಜ್ಜುಗಳಲ್ಲಿ ತುಂಬಿರುವ ಕೊಲಾಜೆನ್ ಎಂಬ ಪ್ರೋಟೀನಿನ ಆಕಾರ ಆಗ ಯಾರಿಗೂ ಬಿಡಿಸಲಾಗದ ಒಗಟು. ಪಕ್ಕದಲ್ಲೇ ಇದ್ದ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯಿಂದ ಕಾಂಗರೂ ಬಾಲದ ಸ್ನಾಯುರಜ್ಜು ತರಿಸಿಕೊಂಡು, ಎಕ್ಸ್-ರೇ ಹಾಯಿಸಿ, ಗೋಪಿನಾಥ್ ಕರ್ತಾ ಜೊತೆಗೂಡಿ ರಾಮಚಂದ್ರನ್ 1954ರಲ್ಲಿ ಉತ್ತರ ಹೇಳಿದರು: ಮೂರು ಎಳೆಗಳು ಒಟ್ಟಾಗಿ ಹೊಸೆದ ಹಗ್ಗ.

ಕೇಂಬ್ರಿಜ್‌ನಲ್ಲಿ ಫ್ರಾನ್ಸಿಸ್ ಕ್ರಿಕ್ ಮತ್ತು ಅಲೆಕ್ಸಾಂಡರ್ ರಿಚ್ ತಕರಾರು ತೆಗೆದರು. ಈ ಮಾದರಿಯಲ್ಲಿ ಕೆಲವು ಪರಮಾಣುಗಳು ಒಂದಕ್ಕೊಂದು ತೀರ ಹತ್ತಿರ ಬಂದಿವೆ, ಅಷ್ಟು ಹತ್ತಿರ ಬರಲು ಸಾಧ್ಯವಿಲ್ಲ ಎಂದು.

ಇಲ್ಲಿ ರಾಮಚಂದ್ರನ್ ಮಾಡಿದ್ದನ್ನು ಗಮನಿಸಬೇಕು. ಅವರು ಆ ಟೀಕೆಯನ್ನೇ ಪ್ರಶ್ನೆಯಾಗಿ ಎತ್ತಿಕೊಂಡರು. ಹಾಗಾದರೆ ಎರಡು ಪರಮಾಣುಗಳು ಎಷ್ಟು ಹತ್ತಿರ ಬರಬಹುದು? ಅದುವರೆಗೆ ಜಗತ್ತಿನಲ್ಲಿ ಬಿಡಿಸಿದ್ದ ಸ್ಫಟಿಕ ರಚನೆಗಳ ಅಂಕಿ ಅಂಶಗಳನ್ನೆಲ್ಲ ಕಲೆಹಾಕಿ, ನಿಸರ್ಗ ಒಪ್ಪುವ ಕನಿಷ್ಠ ದೂರಗಳ ಪಟ್ಟಿ ಮಾಡಿದರು. ಆಮೇಲೆ ವಿ. ಶಶಿಶೇಖರನ್ ಮತ್ತು ಸಿ. ರಾಮಕೃಷ್ಣನ್ ಜೊತೆ ಲೆಕ್ಕಕ್ಕೆ ಕುಳಿತರು. ಕಂಪ್ಯೂಟರ್ ಇರಲಿಲ್ಲ. ಮೇಜಿನ ಮೇಲಿನ ಕ್ಯಾಲ್ಕುಲೇಟರ್ ಯಂತ್ರದಲ್ಲಿ ಒಂದೊಂದು ಕೋನಕ್ಕೂ ಲೆಕ್ಕ.

ಪ್ರೋಟೀನ್ ಎಂದರೆ ಅಮೈನೊ ಆಮ್ಲಗಳ ಸರ. ಸರದ ಪ್ರತಿ ಮಣಿಯ ಬಳಿ ಎರಡು ತಿರುವು ಕೀಲುಗಳಿವೆ, ಒಂದಕ್ಕೆ ಫೈ, ಇನ್ನೊಂದಕ್ಕೆ ಸೈ ಎಂದು ಹೆಸರು. ಕಾಗದದ ಮೇಲೆ ಎರಡೂ ಕೀಲು ಹೇಗೆ ಬೇಕಾದರೂ ತಿರುಗಬಹುದು. ನಿಜದಲ್ಲಿ ಹಾಗಾಗದು. ನಮ್ಮ ಮೊಳಕೈ ಮುಂದಕ್ಕೆ ಮಡಚುತ್ತದೆ, ಹಿಂದಕ್ಕೆ ಮಡಚಲು ಮೂಳೆಗೆ ಮೂಳೆ ಅಡ್ಡ. ಹಾಗೆಯೇ ಇಲ್ಲಿ ಪರಮಾಣುವಿಗೆ ಪರಮಾಣು ಅಡ್ಡ. ಅಡ್ಡಕ್ಕೆ ಫೈ, ಉದ್ದಕ್ಕೆ ಸೈ ಹಾಕಿ ಚೌಕ ಬರೆದು, ಎಲ್ಲಿ ಡಿಕ್ಕಿಯಾಗುತ್ತದೋ ಆ ಜಾಗ ಅಳಿಸುತ್ತ ಹೋದರೆ ಚೌಕದ ಮುಕ್ಕಾಲು ಪಾಲು ಖಾಲಿಯಾಗುತ್ತದೆ. ಉಳಿಯುವುದು ಕೆಲವು ದ್ವೀಪಗಳು. ಪ್ರೋಟೀನುಗಳು ಬದುಕುವುದು ಆ ದ್ವೀಪಗಳಲ್ಲೇ.

1963ರಲ್ಲಿ ‘ಜರ್ನಲ್ ಆಫ್ ಮಾಲಿಕ್ಯುಲರ್ ಬಯಾಲಜಿ’ಯಲ್ಲಿ ಇದು ಅಚ್ಚಾದಾಗ ಆಕ್ರಮಿಸಿದ್ದು ಐದೇ ಪುಟ. ‘ರಾಮಚಂದ್ರನ್ ಪ್ಲಾಟ್’ ಎಂಬ ಹೆಸರು ಅದಕ್ಕೆ ಅಂಟಿಕೊಂಡಿತು. ಆ ಹೊತ್ತಿಗೆ ಪರಮಾಣು ಮಟ್ಟದಲ್ಲಿ ಬಿಡಿಸಿದ್ದ ಪ್ರೋಟೀನ್ ರಚನೆಗಳು ಬೆರಳೆಣಿಕೆಗೂ ಸಾಲುತ್ತಿರಲಿಲ್ಲ. ಇವತ್ತು ಪ್ರೋಟೀನ್ ಡೇಟಾ ಬ್ಯಾಂಕಿನಲ್ಲಿರುವ ರಚನೆಗಳು ಎರಡು ಲಕ್ಷ ಮೀರಿವೆ. ಅವುಗಳ ದ್ವೀಪಗಳೂ, ಕ್ಯಾಲ್ಕುಲೇಟರ್ ಹಿಡಿದು ಮದ್ರಾಸಿನಲ್ಲಿ ಬರೆದ ದ್ವೀಪಗಳೂ ಬಹುಮಟ್ಟಿಗೆ ಒಂದರ ಮೇಲೊಂದು ಕೂರುತ್ತವೆ.

ರಾಮಚಂದ್ರನ್ 1970ರ ದಶಕದ ಆರಂಭದಲ್ಲಿ ಮದ್ರಾಸ್ ಬಿಟ್ಟು ಮತ್ತೆ ಟಾಟಾ ಇನ್‌ಸ್ಟಿಟ್ಯೂಟಿಗೆ ಬಂದರು. ಆಗ ಸತೀಶ್ ಧವನ್ ನಿರ್ದೇಶಕರು. ಅಲ್ಲಿ ಕಟ್ಟಿದ ಆಣ್ವಿಕ ಜೈವಿಕ ಭೌತವಿಜ್ಞಾನ ಘಟಕ ಇವತ್ತಿಗೂ ದೇಶದ ಪ್ರೋಟೀನ್ ರಚನಾ ವಿಜ್ಞಾನದ ತವರು. ಶಶಿಶೇಖರನ್, ರಾಮಕೃಷ್ಣನ್ ಕೂಡ ಅಲ್ಲಿಗೇ ಬಂದರು.

> ಬಾಕ್ಸ್: ಸಿ.ಟಿ. ಸ್ಕ್ಯಾನ್‌ನೊಳಗಿನ ಹೆಸರು
>
> 1971ರಲ್ಲಿ ರಾಮಚಂದ್ರನ್ ಮತ್ತು ಎ.ವಿ. ಲಕ್ಷ್ಮೀನಾರಾಯಣನ್ ಹಲವು ಕೋನಗಳ ಎಕ್ಸ್-ರೇ ಚಿತ್ರಗಳಿಂದ ಮೂರು ಆಯಾಮದ ಚಿತ್ರ ಕಟ್ಟುವ ವೇಗದ ಗಣಿತ ವಿಧಾನವನ್ನು ಪ್ರಕಟಿಸಿದರು. ಅದರ ಮುಖ್ಯ ಹೆಜ್ಜೆಗೆ ಎಂಜಿನಿಯರುಗಳು ಇಂದಿಗೂ ಹೇಳುವ ಹೆಸರು ‘ರಾಮ್-ಲಾಕ್ ಫಿಲ್ಟರ್’. ಸಿ.ಟಿ. ಸ್ಕ್ಯಾನ್‌ಗಾಗಿ 1979ರ ನೊಬೆಲ್ ದೊರೆತದ್ದು ಅಲನ್ ಕಾರ್ಮ್ಯಾಕ್ ಮತ್ತು ಗಾಡ್‌ಫ್ರೆ ಹೌನ್ಸ್‌ಫೀಲ್ಡ್ ಅವರಿಗೆ.

ಸಾರಿಗೆ ಬಿದ್ದ ಉಪ್ಪು

ರಾಮಚಂದ್ರನ್ ಪ್ಲಾಟ್ ನೋಡದೆ ಇಂದು ಯಾವ ಪ್ರೋಟೀನ್ ರಚನೆಯೂ ಅಂಗೀಕಾರ ಪಡೆಯುವುದಿಲ್ಲ. ಡೇಟಾ ಬ್ಯಾಂಕಿಗೆ ರಚನೆ ಒಪ್ಪಿಸಿದ ಕೂಡಲೇ ಬರುವ ತಪಾಸಣಾ ವರದಿಯಲ್ಲಿ ಅದಕ್ಕೆ ಪ್ರತ್ಯೇಕ ಸಾಲೇ ಇದೆ. ಆದರೆ ಸಂಶೋಧಕರು ‘ರಾಮಚಂದ್ರನ್ ಪ್ಲಾಟ್ ಸರಿಯಿದೆ’ ಎಂದು ಬರೆದು ಮುಂದೆ ಹೋಗುತ್ತಾರೆ. 1963ರ ಪ್ರಬಂಧವನ್ನು ಉಲ್ಲೇಖಪಟ್ಟಿಗೆ ಸೇರಿಸುವವರು ಕೆಲವರಷ್ಟೇ. ಬಹಳ ಸಲ ಉಲ್ಲೇಖ ಹೋಗಿ ಸೇರುವುದು ಆ ಲೆಕ್ಕ ಹಾಕಿಕೊಡುವ ಸಾಫ್ಟ್‌ವೇರಿನ ಪ್ರಬಂಧಕ್ಕೆ.

ಇದನ್ನು ಸಮಾಜವಿಜ್ಞಾನಿ ರಾಬರ್ಟ್ ಮರ್ಟನ್ ಗುರುತಿಸಿದ್ದರು. ಒಂದು ವಿಚಾರ ಎಲ್ಲರ ತಿಳಿವಳಿಕೆಯಲ್ಲಿ ಎಷ್ಟು ಬೆರೆತುಹೋಗುತ್ತದೆಂದರೆ, ಅದರ ಮೂಲ ಹೇಳುವ ಅಗತ್ಯವೇ ಯಾರಿಗೂ ತೋರುವುದಿಲ್ಲ. ಸಾರಿಗೆ ಬಿದ್ದ ಉಪ್ಪಿನ ಹಾಗೆ. ಬಿಸಿಲಲ್ಲಿ ಉಪ್ಪು ಮಾಡಿದವನ ಹೆಸರನ್ನು ಉಣ್ಣುವವರು ಕೇಳುವುದಿಲ್ಲ. ವಾಟ್ಸನ್–ಕ್ರಿಕ್ ಪ್ರಬಂಧ ನೂರರ ಪಟ್ಟಿಯಲ್ಲಿ ಇಲ್ಲದಿರುವುದಕ್ಕೂ ಕಾರಣ ಇದೇ. ಡಿಎನ್‌ಎ ಜೋಡಿ ಸುರುಳಿ ಎಂದು ಬರೆಯುವಾಗ ಈಗ ಯಾರು ಅಡಿಟಿಪ್ಪಣಿ ಹಾಕುತ್ತಾರೆ?

ಉಲ್ಲೇಖದ ಲೆಕ್ಕ ತಡವಾಗಿ ಕಣ್ತೆರೆಯುವುದೂ ಉಂಟು. ಕತಲಿನ್ ಕರಿಕೊ ಅವರನ್ನು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯ 1995ರಲ್ಲಿ ಕೆಳಗಿನ ಹುದ್ದೆಗೆ ಇಳಿಸಿತ್ತು. ಅವರು ಡ್ರೂ ವೈಸ್‌ಮನ್ ಜೊತೆ 2005ರಲ್ಲಿ ಪ್ರಕಟಿಸಿದ, ಎಂಆರ್‌ಎನ್‌ಎಯನ್ನು ದೇಹ ಹಗೆಯೆಂದು ಭಾವಿಸದಂತೆ ಮಾಡುವ ಕೆಲಸ ವರ್ಷಗಟ್ಟಲೆ ದೊಡ್ಡ ಸದ್ದು ಮಾಡಲಿಲ್ಲ. ಕೋವಿಡ್ ಲಸಿಕೆಗಳ ತಳಹದಿ ಅದೇ ಎಂದು ಗೊತ್ತಾದ ಮೇಲೆ 2023ರಲ್ಲಿ ನೊಬೆಲ್ ಬಂತು. 2010ರಲ್ಲಿ ಒಂದು ಸಮಿತಿ ಅಂಕಿ ನೋಡಿ ಅವರ ಭವಿಷ್ಯ ಬರೆದಿದ್ದರೆ ಏನು ಬರೆಯುತ್ತಿತ್ತು ಎಂದು ಯೋಚಿಸಿದರೆ ಮನಸ್ಸು ಭಾರವಾಗುತ್ತದೆ.

ಆದರೂ ಸಮಿತಿಗಳಿಗೆ ಅಂಕಿ ಬೇಕು. ನೇಮಕಾತಿಗೆ, ಬಡ್ತಿಗೆ, ಅನುದಾನಕ್ಕೆ ಎಲ್ಲೆಡೆ ಕೇಳುವ ಪ್ರಶ್ನೆ ‘ನಿಮ್ಮ ಎಚ್ ಇಂಡೆಕ್ಸ್ ಎಷ್ಟು?’ ಕ್ಯಾಲಿಫೋರ್ನಿಯಾದ ಭೌತವಿಜ್ಞಾನಿ ಯೋರ್ಗೆ ಹಿರ್ಶ್ 2005ರಲ್ಲಿ ಸೂಚಿಸಿದ ಅಳತೆ ಇದು. ಹತ್ತು ಪ್ರಬಂಧಗಳಿಗೆ ತಲಾ ಕನಿಷ್ಠ ಹತ್ತು ಉಲ್ಲೇಖ ಇದ್ದರೆ ಎಚ್ ಇಂಡೆಕ್ಸ್ ಹತ್ತು. ನಲವತ್ತಕ್ಕೆ ತಲಾ ನಲವತ್ತಿದ್ದರೆ ನಲವತ್ತು. ಎಣಿಸಲು ಸುಲಭ, ಅದಕ್ಕೇ ಬೇಗ ಹಬ್ಬಿತು. ಆದರೆ ಒಬ್ಬರು ಜೀವಮಾನದಲ್ಲಿ ಒಂದೇ ಪ್ರಬಂಧ ಬರೆದು, ಅದಕ್ಕೆ ಮೂರು ಲಕ್ಷ ಉಲ್ಲೇಖ ಬಂದರೂ ಅವರ ಎಚ್ ಇಂಡೆಕ್ಸ್ ಒಂದೇ. ಐದು ಪುಟದ ಒಂದು ನಕ್ಷೆಯ ತೂಕವೂ ಆ ತಕ್ಕಡಿಯಲ್ಲಿ ಒಂದೇ.

ಕೆಡುಕು ಇಷ್ಟಕ್ಕೇ ನಿಂತಿಲ್ಲ. ಅಂಕಿಯೇ ಗುರಿಯಾದ ಕಡೆ ಒಂದು ಕೆಲಸವನ್ನು ನಾಲ್ಕು ಚೂರು ಮಾಡಿ ನಾಲ್ಕು ಪ್ರಬಂಧ ಬರೆಯುವುದು, ಒಬ್ಬರನ್ನೊಬ್ಬರು ಉಲ್ಲೇಖಿಸುವ ಗುಂಪು ಕಟ್ಟಿಕೊಳ್ಳುವುದು, ಹಣ ಕೊಟ್ಟು ಪ್ರಬಂಧದ ಮೇಲೆ ಹೆಸರು ಹಾಕಿಸಿಕೊಳ್ಳುವುದು ಎಲ್ಲವೂ ಬಂದಿವೆ. ಅತಿ ಹೆಚ್ಚು ಉಲ್ಲೇಖ ಪಡೆದವರ ಪಟ್ಟಿ ಪ್ರಕಟಿಸುವ ಕ್ಲ್ಯಾರಿವೇಟ್ ಸಂಸ್ಥೆ 2023ರಲ್ಲಿ ಗಣಿತ ವಿಭಾಗವನ್ನೇ ಕೈಬಿಟ್ಟಿತು, ಅಲ್ಲಿನ ಲೆಕ್ಕವನ್ನು ಸುಲಭವಾಗಿ ತಿರುಚಬಹುದೆಂಬ ಕಾರಣಕ್ಕೆ. 2012ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಸೇರಿದ್ದ ಜೀವಕೋಶ ವಿಜ್ಞಾನಿಗಳು, ಸಂಶೋಧಕರನ್ನು ಅಳೆಯಲು ಪತ್ರಿಕೆಯ ಸರಾಸರಿ ಉಲ್ಲೇಖದ ಅಂಕಿಯಾದ ಇಂಪ್ಯಾಕ್ಟ್ ಫ್ಯಾಕ್ಟರ್ ಬಳಸಬೇಡಿ, ಕೆಲಸವನ್ನು ಓದಿ ನಿರ್ಧರಿಸಿ ಎಂದು ಘೋಷಣೆ ಹೊರಡಿಸಿದರು. ಅಳತೆಯ ಈ ಕೋಲನ್ನು ಮೊದಲು ಕೈಗೆತ್ತಿಕೊಂಡ ಜೀವವಿಜ್ಞಾನದಿಂದಲೇ ಎಚ್ಚರಿಕೆಯೂ ಬಂದದ್ದು ಗಮನಿಸಬೇಕಾದ ಸಂಗತಿ.

> ಬಾಕ್ಸ್: ಎರಡು ನೊಬೆಲ್, ಒಂದು ತೋಟ
>
> ‘ನೇಚರ್’ ಪಟ್ಟಿಯ ನಾಲ್ಕನೇ ಸ್ಥಾನದಲ್ಲಿದ್ದದ್ದು ಡಿಎನ್‌ಎ ಅಕ್ಷರಗಳನ್ನು ಓದುವ ವಿಧಾನ ಕೊಟ್ಟ ಫ್ರೆಡರಿಕ್ ಸ್ಯಾಂಗರ್ ಅವರ 1977ರ ಪ್ರಬಂಧ. ಉಲ್ಲೇಖದ ಲೆಕ್ಕವೂ ನೊಬೆಲ್ ಸಮಿತಿಯೂ ಒಂದೇ ಕಡೆ ಬೆರಳು ತೋರಿಸಿದ ಅಪರೂಪದ ಸಂದರ್ಭವಿದು. 1958 ಮತ್ತು 1980ರಲ್ಲಿ ಎರಡು ಸಲ ರಸಾಯನವಿಜ್ಞಾನದ ನೊಬೆಲ್ ಪಡೆದ ಸ್ಯಾಂಗರ್ 1983ರಲ್ಲಿ ನಿವೃತ್ತರಾಗಿ ಮನೆಯ ಕೈತೋಟದ ಕೆಲಸಕ್ಕೆ ಹೋದರು.

ರಾಮಚಂದ್ರನ್‌ಗೆ ನೊಬೆಲ್ ಬರಲಿಲ್ಲ. 1977ರಲ್ಲಿ ರಾಯಲ್ ಸೊಸೈಟಿ ಫೆಲೊ ಆದರು, 1999ರಲ್ಲಿ ಸ್ಫಟಿಕ ವಿಜ್ಞಾನದ ಎವಾಲ್ಡ್ ಪ್ರಶಸ್ತಿ ಬಂತು, 2001ರಲ್ಲಿ ಚೆನ್ನೈನಲ್ಲಿ ತೀರಿಕೊಂಡರು.

ಬೆಂಗಳೂರಿನ ಲ್ಯಾಬೊಂದರಲ್ಲಿ ರಾತ್ರಿ ಒಂಬತ್ತಕ್ಕೂ ಒಂದು ಪರದೆ ಉರಿಯುತ್ತಿರುತ್ತದೆ. ಪಿಎಚ್.ಡಿ. ವಿದ್ಯಾರ್ಥಿ ತಾನು ಬಿಡಿಸಿದ ಪ್ರೋಟೀನಿನ ರಾಮಚಂದ್ರನ್ ಪ್ಲಾಟ್ ತೆರೆದಿದ್ದಾನೆ. ನೂರಾರು ಚುಕ್ಕೆಗಳು ದ್ವೀಪಗಳ ಮೇಲೆ ದಟ್ಟವಾಗಿ ಕೂತಿವೆ. ಮೂರು ಚುಕ್ಕೆ ಮಾತ್ರ ದೂರದಲ್ಲಿ, ಖಾಲಿ ಜಾಗದಲ್ಲಿ, ಕೆಂಪಗೆ. ಅವನು ಮೊದಲನೆಯದರ ಮೇಲೆ ಕ್ಲಿಕ್ ಮಾಡುತ್ತಾನೆ. ಸರದ ಆ ಭಾಗ ದೊಡ್ಡದಾಗಿ ತೆರೆದುಕೊಳ್ಳುತ್ತದೆ: ಒಂದು ಆಮ್ಲಜನಕದ ಪರಮಾಣು ಪಕ್ಕದ ಪರಮಾಣುವಿಗೆ ಒತ್ತಿಕೊಂಡಿದೆ, ಕೊಂಡಿಯನ್ನೇ ತಿರುಗುಮುರುಗು ಕೂರಿಸಿದ್ದಾನೆ. ಹಿಡಿದು ತಿರುಗಿಸುತ್ತಾನೆ. ಚುಕ್ಕೆ ಸರಿದು ದ್ವೀಪದ ದಡ ಸೇರುತ್ತದೆ. ಎರಡನೆಯದರ ಮೇಲೆ ಕ್ಲಿಕ್ ಮಾಡುತ್ತಾನೆ.